ಒಂದು ದಿನ ಕಟ್ಟಿ ನೋಡಿದ ವಾಚು

ನಮ್ಮ ಅಂಗಡಿ ಮೂರು ಅಂತಸ್ತಿನದು. ಕೆಳಗೆ ಪ್ಲಾಸ್ಟಿಕ್ ವಾಚುಗಳು, ಗೋಡೆ ಗಡಿಯಾರಗಳು, ಅಲಾರಂಗಳು. ಅದರ ಮೇಲೆ, ಸಂಬಳದವರು ಮನಸ್ಸು ಗಟ್ಟಿ ಮಾಡಿಕೊಂಡು ಕೊಳ್ಳುವಂಥವು. ಎಲ್ಲಕ್ಕಿಂತ ಮೇಲಿನದಕ್ಕೆ ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ಕೂರಲು ಮೆತ್ತನೆಯ ಕುರ್ಚಿ. ಅಲ್ಲಿಯ ವಾಚುಗಳಿಗೆ ಬೆಲೆಯ ಚೀಟಿ ಇರುವುದಿಲ್ಲ. ಕೇಳಬೇಕಾದವರು ಅಲ್ಲಿಗೆ ಹತ್ತುವುದೂ ಇಲ್ಲ.

ನಾನು ಕೂರುವುದು ಮೆಟ್ಟಿಲ ಕೆಳಗಿನ ರಿಪೇರಿ ಕೋಣೆಯಲ್ಲಿ, ಮೂವತ್ತೊಂದು ವರ್ಷದಿಂದ. ಮೂರು ಅಂತಸ್ತಿನ ವಾಚುಗಳೂ ಕೆಟ್ಟಾಗ ನನ್ನ ಮೇಜಿಗೇ ಇಳಿದು ಬರುತ್ತವೆ. ಕೆಳಗೆ ಕೊಳ್ಳುವವರು ಸೆಲ್ಲು ಎಷ್ಟು ದಿನ ಬರುತ್ತದೆ ಎಂದು ಕೇಳುತ್ತಾರೆ. ನಡುವೆ ಕೊಳ್ಳುವವರು ನೀರಿಗೆ ಬಿದ್ದರೆ ಏನಾಗುತ್ತದೆ ಎನ್ನುತ್ತಾರೆ. ಮೇಲೆ ಕೊಳ್ಳುವವರು ಕೇಳುವುದು ಒಂದೇ: ಈ ಊರಲ್ಲಿ ಇದು ಇನ್ನು ಯಾರ ಹತ್ತಿರ ಇದೆ. ಹೊತ್ತು ಮಾತ್ರ ಮೂರರಲ್ಲೂ ಒಂದೇ. ನಿಜ ಹೇಳಬೇಕೆಂದರೆ ಸೆಲ್ಲಿನ ಅಗ್ಗದ ವಾಚೇ ಹೆಚ್ಚು ಸರಿಯಾಗಿ ನಡೆಯುತ್ತದೆ. ಮೇಲಿನ ಅಂತಸ್ತಿನಲ್ಲಿ ಯಾರೂ ಅದನ್ನು ಗಟ್ಟಿಯಾಗಿ ಹೇಳುವುದಿಲ್ಲ, ಅಷ್ಟೆ.

ಇನ್ನೊಂದು ಗುಟ್ಟು. ಮೇಲಿನ ಹೆಸರೂ ನಡುವಿನ ಹೆಸರೂ ಕೆಳಗಿನ ಹೆಸರೂ ಎಷ್ಟೋ ಸಲ ಒಂದೇ ಮನೆಯವು. ಒಂದೇ ಕಂಪನಿ ಉಳ್ಳವರಿಗೆ ಒಂದು ಹೆಸರಿನಲ್ಲಿ, ಮಧ್ಯದವರಿಗೆ ಇನ್ನೊಂದು ಹೆಸರಿನಲ್ಲಿ, ಉಳಿದವರಿಗೆ ಮತ್ತೊಂದು ಹೆಸರಿನಲ್ಲಿ ಮಾಡಿ ಮಾರುತ್ತದೆ. ನಮ್ಮ ಕೌಂಟರಿನವರು ಅವನ್ನು ದೊಡ್ಡವನು, ನಡುವಿನವನು, ಕಿರಿಯವನು ಎಂದೇ ಕರೆಯುವುದು. ಮುಖ ನೋಡಿದರೆ ಒಡಹುಟ್ಟಿದವರೆಂದು ಗೊತ್ತಾಗುತ್ತದೆ. ಅದೇ ನೀಲಿ ಡಯಲ್, ಅದೇ ತೆಳು ಮುಳ್ಳು.

ಸೆಲ್ಲಿಲ್ಲದ ಆಟೋಮ್ಯಾಟಿಕ್ ವಾಚಿಗೆ ಕೈಯ ಓಡಾಟವೇ ಅನ್ನ. ಒಳಗೆ ಅರ್ಧಚಂದ್ರದಂಥ ಒಂದು ತೂಕದ ತುಂಡು ಇರುತ್ತದೆ. ಕೈ ಆಡಿದಾಗ ಅದು ತಿರುಗಿ ಕೀಲಿ ತುಂಬುತ್ತದೆ. ಅಂಥ ವಾಚನ್ನು ಬಿಚ್ಚಿ ತೊಳೆದು ಎಣ್ಣೆ ಬಿಟ್ಟ ಮೇಲೆ ತಿರುಗಿಸಿ ನೋಡಲು ಮಿಷನ್ ಇದೆ. ಆದರೆ ನನಗೆ ಕೆಲಸ ಕಲಿಸಿದ ಮುದುಕ ಅದನ್ನು ನಂಬುತ್ತಿರಲಿಲ್ಲ. "ಮಿಷನ್ ಒಂದೇ ಸಮ ತಿರುಗುತ್ತೆ. ಮನುಷ್ಯ ಹಾಗಾ? ಕೂರ್ತಾನೆ, ಏಳ್ತಾನೆ, ತಲೆ ಕೆರ್ಕೋತಾನೆ, ಜಗಳ ಆಡ್ತಾನೆ. ಒಂದಿನ ಕೈಗೆ ಕಟ್ಟಿ ನೋಡು, ಆಮೇಲೆ ಕೊಡು" ಎನ್ನುತ್ತಿದ್ದ. ಆ ಪದ್ಧತಿ ನನ್ನಲ್ಲಿ ಉಳಿದುಬಿಟ್ಟಿತು. ಊರಿನ ಶ್ರೀಮಂತರ ವಾಚುಗಳೆಲ್ಲ ಒಂದೊಂದು ದಿನ ನನ್ನ ಕೈಯಲ್ಲಿ ಇದ್ದು ಹೋಗಿವೆ. ನನ್ನ ಸ್ವಂತದ್ದು ಎಂದು ಒಂದೂ ಇಲ್ಲ. ಮಿಠಾಯಿ ಮಾಡುವವನಿಗೆ ಸಿಹಿ ಬೇಡವಾಗುವ ಹಾಗೆ ನನಗೆ ಕೈಮೇಲೆ ವಾಚು ಇದೆ ಎಂಬುದೇ ತಿಳಿಯುವುದಿಲ್ಲ. ಆ ದಿನ ಆದದ್ದೂ ಅದೇ.

ಮಧ್ಯಾಹ್ನ ಅಣ್ಣನ ಮಗಳ ಫೋನು ಬಂತು. ಆರು ವರ್ಷದಿಂದ ಆ ಮನೆಯಿಂದ ಫೋನು ಬಂದಿರಲಿಲ್ಲ.

"ಚಿಕ್ಕಪ್ಪ, ಅಪ್ಪನ್ನ ಆಸ್ಪತ್ರೆಗೆ ಸೇರ್ಸಿ ನಾಲ್ಕು ದಿನ ಆಯ್ತು. ಡಾಕ್ಟ್ರು ಇನ್ನು ಹೆಚ್ಚು ದಿನ ಇಲ್ಲ ಅಂತಾರೆ."

"ನಾನು ಬರ್ಲಾ?" ಎಂದೆ. ಬರುತ್ತೇನೆ ಎಂದು ಹೇಳುವ ಧೈರ್ಯ ಇರಲಿಲ್ಲ.

"ನಿನ್ನೆ ಕೇಳಿದ್ರು. ನಿಮ್ಮ ಹೆಸರು ಹೇಳ್ಲಿಲ್ಲ. ವಾಚಿನವನಿಗೆ ಹೇಳಿದ್ಯಾ ಅಂದ್ರು, ಅಷ್ಟೆ."

ಅಣ್ಣ ಬೇಕರಿಯಲ್ಲಿ ಒಲೆಯ ಮುಂದೆ ಮೂವತ್ತೆಂಟು ವರ್ಷ ನಿಂತವನು. ಹದಿನಾಲ್ಕಕ್ಕೆ ಅಲ್ಲಿಗೆ ಸೇರಿದ. ನನಗೆ ಆ ವಯಸ್ಸಾದಾಗ ನನ್ನನ್ನೂ ಕರೆದೊಯ್ಯುತ್ತಾನೆಂದು ಎಲ್ಲರೂ ಅಂದುಕೊಂಡಿದ್ದರು. ಅವನು ನನ್ನ ಕೈ ಹಿಡಿದು ರಿಪೇರಿ ಮುದುಕನ ಹತ್ತಿರ ಕೂರಿಸಿದ. "ಇವನು ನೆರಳಲ್ಲಿ ಕೂತು ಕೆಲ್ಸ ಮಾಡ್ಲಿ. ಬೆಂಕಿ ಹತ್ರ ಮನೆಗೊಬ್ಬ ಸಾಕು" ಎಂದ. ನನ್ನ ಊಟ ಅಲ್ಲಿಂದ ಶುರುವಾದದ್ದು.

ಅವನಿಗೆ ವಾಚು ಬಾಳುತ್ತಿರಲಿಲ್ಲ. ಹಿಟ್ಟಿನ ಧೂಳು ಸೇರಿ, ಕಾವಿಗೆ ಸೆಲ್ಲು ಉಬ್ಬಿ, ನಮ್ಮ ಕೆಳಗಿನ ಅಂತಸ್ತಿನ ವಾಚುಗಳು ಅವನ ಕೈಯಲ್ಲಿ ಆರೇ ತಿಂಗಳಿಗೆ ನಿಲ್ಲುತ್ತಿದ್ದವು. ಪ್ರತಿ ಸಲ ತಂದು ನನ್ನ ಮೇಜಿನ ಮೇಲೆ ಇಟ್ಟು, "ತಗೋ, ಇನ್ನೊಂದು ಹೆಣ" ಎನ್ನುತ್ತಿದ್ದ. ಒಮ್ಮೆ ನಾನು ದೊಡ್ಡದಾಗಿ ಮಾತು ಕೊಟ್ಟೆ. "ಅಣ್ಣ, ನೀನು ಕೆಲ್ಸ ಬಿಡೋ ದಿನ ಸೆಲ್ಲೇ ಬೇಡದ ವಾಚು ನಾನೇ ಬಂದು ಕಟ್ತೀನಿ. ಆಗ ನಿನ್ನ ಕೈಗೆ ಹಿಟ್ಟೂ ಇರಲ್ಲ, ಬೆಂಕೀನೂ ಇರಲ್ಲ." ಅವನು ನಕ್ಕುಬಿಟ್ಟ. ಆದರೆ ಬೇಕರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ. ಅದು ನನಗೆ ಆಮೇಲೆ ಗೊತ್ತಾದದ್ದು.

ಆರು ವರ್ಷದ ಹಿಂದೆ ಅವನು ಕೆಲಸ ಬಿಡುವ ದಿನ ಬಂದಾಗ ನಾನು ಏನನ್ನೂ ಕೊಂಡಿರಲಿಲ್ಲ. ಇವತ್ತು ನಾಳೆ ಎಂದು ತಳ್ಳಿಕೊಂಡು ಬಂದಿದ್ದೆ. ಅಂಗಡಿಯಲ್ಲಿ ಸರಕಿನ ಎಣಿಕೆ, ಹೊರಡುವಾಗಲೇ ತಡ. ಕಂಪನಿಗಳು ಹಂಚಲು ಕಳಿಸುವ ಬಿಟ್ಟಿ ವಾಚುಗಳು ಡ್ರಾಯರಿನಲ್ಲಿದ್ದವು. ಸೆಲ್ಲಿನವೇ, ನೋಡಲು ಹೊಳಪು. ಒಂದನ್ನು ತೆಗೆದು ನಡುವಿನ ಅಂತಸ್ತಿನ ಒಳ್ಳೆಯ ಡಬ್ಬಿಯಲ್ಲಿ ಇಟ್ಟೆ. ಅವನಿಗೆ ಎಲ್ಲಿ ಗೊತ್ತಾಗುತ್ತದೆ ಎಂದುಕೊಂಡೆ. ಈ ಮಾತನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಮನಸ್ಸಿನಲ್ಲಿ ಅಂದುಕೊಂಡೆ ಅಷ್ಟೆ. ಅಷ್ಟು ಸಾಕಾಯಿತು.

ಬೇಕರಿಯ ಅಂಗಳದಲ್ಲಿ ಹಿಟ್ಟಿನ ಮೂಟೆಗಳ ಮೇಲೆ ಎಲ್ಲರೂ ಕೂತಿದ್ದರು. ನಾನು ಕಟ್ಟಿದೆ, ಚಪ್ಪಾಳೆ ಹೊಡೆದರು. ಅಣ್ಣ ಕೈ ಎತ್ತಿ ಸುತ್ತ ತೋರಿಸಿದ. ಆಗ ಬ್ರೆಡ್ಡು ಸಾಗಿಸುವ ವ್ಯಾನಿನ ಡ್ರೈವರು ಹತ್ತಿರ ಬಂದು ಕತ್ತು ಬಗ್ಗಿಸಿ ನೋಡಿದ.

"ಅರೆ, ಇದು ನನ್ಹತ್ರಾನೂ ಇದೆ ಕಣಣ್ಣ. ಟಯರ್ ತಗೊಂಡಾಗ ಫ್ರೀ ಕೊಟ್ರು. ನಂಗೆರಡು ಬಂತು, ನಾಲ್ಕು ಟಯರಿಗೆ."

ಅವನು ಕೆಟ್ಟವನಲ್ಲ, ಬಾಯಿಗೆ ಬಂದದ್ದನ್ನು ಹೇಳಿದ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ ತೋಳಿನ ಬಟ್ಟೆಯನ್ನು ಅದರ ಮೇಲೆ ಎಳೆದುಕೊಂಡ. ಅವತ್ತಿನಿಂದ ಅವನು ನನ್ನ ಅಂಗಡಿಗೂ ಮನೆಗೂ ಬರಲಿಲ್ಲ. ನಾನೂ ಹೋಗಲಿಲ್ಲ. ಹೋಗಿ ಏನು ಹೇಳುವುದು?

ಆಸ್ಪತ್ರೆಯಲ್ಲಿ ನೋಡಲು ಬಿಡುವುದು ನಾಲ್ಕರಿಂದ ಆರು. ವಾರ್ಡಿನಲ್ಲಿ ನಾಲ್ಕು ಮಂಚ, ಕಿಟಕಿಯ ಬದಿಯದು ಅಣ್ಣನದು. ಹಿಟ್ಟಿನ ಧೂಳು ಅವನ ಪುಪ್ಪುಸವನ್ನು ತಿಂದುಹಾಕಿತ್ತು. ಮೂಗಿಗೆ ನಳಿಕೆ. ಕೈಗಳು ಹೊದಿಕೆಯ ಮೇಲೆ ಇಟ್ಟ ಹಾಗೆಯೇ ಇದ್ದವು. ಒಲೆಯ ಬಾಗಿಲು ತಗುಲಿ ಸುಟ್ಟ ಹಳೆಯ ಗೆರೆಗಳು ಮಣಿಕಟ್ಟಿನಿಂದ ಮೊಣಕೈವರೆಗೆ.

ನಾನು ಸ್ಟೂಲು ಎಳೆದು ಕೂತು ಅವನ ಕೈಮೇಲೆ ಕೈ ಇಟ್ಟೆ. ಅವನು ನನ್ನ ಮುಖ ನೋಡಲಿಲ್ಲ. ನನ್ನ ಮಣಿಕಟ್ಟನ್ನು ನೋಡಿದ. ಬಹಳ ಹೊತ್ತು ನೋಡಿದ.

"ತಂದ್ಯಾ" ಎಂದ.

ಆಗಲೇ ನನಗೂ ಅದು ಕಂಡದ್ದು. ಮೇಲಿನ ಅಂತಸ್ತಿನ ವಾಚು, ದೊಡ್ಡವನು, ನೀಲಿ ಡಯಲ್. ಬೆಳಿಗ್ಗೆ ಎಣ್ಣೆ ಬಿಟ್ಟು ಮುಚ್ಚಿ ಒಂದು ದಿನ ನೋಡಲೆಂದು ಕಟ್ಟಿಕೊಂಡದ್ದು. ಮರುದಿನ ಹನ್ನೆರಡಕ್ಕೆ ಅದರ ಯಜಮಾನ ಬಂದು ಒಯ್ಯಬೇಕಾದದ್ದು.

ಇಲ್ಲ ಎನ್ನಲು ಒಂದು ಉಸಿರಿನಷ್ಟು ಸಮಯ ಇತ್ತು. ಅಣ್ಣನ ಕಣ್ಣಲ್ಲಿ ಆಗ ಏನಿತ್ತೋ ಅದನ್ನು ನಾನು ಆರು ವರ್ಷದಿಂದ ನೋಡಿರಲಿಲ್ಲ. "ಹ್ಞೂಂ" ಎಂದುಬಿಟ್ಟೆ.

ಬಿಚ್ಚಿ ಅವನಿಗೆ ಕಟ್ಟಿದೆ. ಬೆಲ್ಟಿನ ಕೊನೆಯ ತೂತಿಗೆ ಹಾಕಿದರೂ ವಾಚು ಬಳೆಯ ಹಾಗೆ ಜಾರುತ್ತಿತ್ತು. ನನಗೆ ಅದೇ ನೆಪವಾಯಿತು.

"ಅಣ್ಣ, ಸಡಿಲ ಆಯ್ತು. ಕೊಡು, ಇನ್ನೊಂದು ತೂತು ಹಾಕಿ ನಾಳೆ ತರ್ತೀನಿ."

ಅವನು ಇನ್ನೊಂದು ಅಂಗೈಯನ್ನು ಅದರ ಮೇಲೆ ಮುಚ್ಚಿದ. "ನಾಳೆ ಹಾಕ್ಸು. ಇವತ್ತಿರ್ಲಿ."

ಬರಿಗೈಯಲ್ಲಿ ಹೊರಬಂದೆ. ನಾನು ಬಿಟ್ಟುಬಂದ ವಸ್ತು ಎಂಥದ್ದೆಂದು ಆ ವಾರ್ಡಿನಲ್ಲಿ ಯಾರಿಗಾದರೂ ಗೊತ್ತಾಗಿದ್ದರೆ ಅದು ಬೆಳಗಿನವರೆಗೆ ಉಳಿಯುತ್ತಿರಲಿಲ್ಲ. ಮರುದಿನ ಎಂಟಕ್ಕೇ ಆಸ್ಪತ್ರೆಯ ಗೇಟಿನಲ್ಲಿ ನಿಂತೆ. ಕಾವಲಿನವನು ಒಳಗೆ ಬಿಡಲಿಲ್ಲ. ಅಣ್ಣನ ಮಗಳಿಗೆ ಫೋನು ಮಾಡಿ, "ಬೆಲ್ಟಿಗೆ ತೂತು ಹಾಕ್ಬೇಕು, ವಾಚು ತಗೊಂಡು ಕೆಳಗೆ ಬಾರಮ್ಮ" ಎಂದೆ. ಅವಳು ಕರ್ಚೀಫಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದು ಬಂದಳು. ಮುಖ ತೊಳೆದುಕೊಂಡು ಬಂದವಳ ಹಾಗಿದ್ದಳು.

"ರಾತ್ರಿಯೆಲ್ಲ ನರ್ಸಿಗೆ ತೋರ್ಸಿದ್ರು ಚಿಕ್ಕಪ್ಪ. ನನ್ತಮ್ಮ ಲೇಟು, ಆದ್ರೆ ಬಂದ ಅಂದ್ರು. ಬೇಗ ಕೊಡ್ಬೇಕಂತೆ."

ಹನ್ನೆರಡಕ್ಕೆ ವಾಚಿನ ಯಜಮಾನ ಬಂದ. ವಾಚು ಕಟ್ಟಿಕೊಂಡ, ಕೈ ತಿರುಗಿಸಿ ನೋಡಿಕೊಂಡ, ಆಮೇಲೆ ಜೇಬಿನಿಂದ ಮೊಬೈಲು ತೆಗೆದು ಗಂಟೆ ಎಷ್ಟೆಂದು ನೋಡಿದ. ಹೋದ.

ನಾನು ನಡುವಿನ ಅಂತಸ್ತಿಗೆ ಹತ್ತಿದೆ. ಅಲ್ಲಿಯ ಕೌಂಟರಿನ ಹೆಣ್ಣುಮಗಳು ಇಪ್ಪತ್ತು ವರ್ಷದ ಪರಿಚಯದವಳು, ಬಾಯಿ ಚುರುಕು.

"ಏನ್ ಮಾಸ್ಟರ್, ದಾರಿ ತಪ್ಪಿ ಬಂದ್ರಾ?"

"ಕೊಳ್ಳಕ್ಕೆ ಬಂದೆ."

"ನೀವಾ? ಇರಿ, ಸೂರ್ಯ ಯಾವ ಕಡೆ ಇದಾನೆ ನೋಡ್ಕೊಂಡು ಬರ್ತೀನಿ."

"ದೊಡ್ಡವನ ನೀಲಿ ಡಯಲ್ ಇದ್ಯಲ್ಲ, ಅದರ ಹಾಗೇ ಕಾಣೋ ನಡುವಿನವನು ಬೇಕು. ಆಟೋಮ್ಯಾಟಿಕ್ಕೇ ಆಗ್ಬೇಕು. ಪಕ್ಕ ಇಟ್ರೂ ಗೊತ್ತಾಗ್ಬಾರ್ದು."

ಅವಳು ನನ್ನ ಮುಖ ನೋಡಿ ಹಾಸ್ಯ ನಿಲ್ಲಿಸಿದಳು. ನಾಲ್ಕು ತೆಗೆದು ಹರವಿದಳು. ಮುಳ್ಳಿನ ತುದಿ, ಅಂಕಿಯ ಆಕಾರ, ತಾರೀಕಿನ ಕಿಂಡಿ ಎಲ್ಲವನ್ನೂ ಲೆನ್ಸು ಹಾಕಿಕೊಂಡು ನೋಡಿದೆ. ಒಂದು ಸಿಕ್ಕಿತು. ಹೆಸರು ಬರೆದ ಜಾಗದಲ್ಲಿ ಮಾತ್ರ ವ್ಯತ್ಯಾಸ, ಅದನ್ನು ಓದಲು ಅಣ್ಣನಿಗೆ ಕನ್ನಡಕ ಬೇಕು. ಅದೇ ಬಣ್ಣದ ಬೆಲ್ಟು ಹಾಕಿದೆ, ತೂತು ಹೊಡೆದೆ. ಇದು ನನ್ನ ಸ್ವಂತ ದುಡಿಮೆಯದು, ನನ್ನದೇ ಎಂದು ಮನಸ್ಸಿಗೆ ಹೇಳಿಕೊಂಡೆ. ತಡವಾದರೂ ಮಾತು ಉಳಿಯಿತಲ್ಲ.

ನಾಲ್ಕಕ್ಕೆ ಹೋಗಿ ಕಟ್ಟಿದೆ. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ಕಟ್ಟಿದ ಮೇಲೆ ಕೈಯನ್ನು ಒಂದು ಗೇಣು ಎತ್ತಿ ಇಳಿಸಿದ.

"ಸರಿಯಾಯ್ತಾ ಅಣ್ಣ?"

"ಹ್ಞೂಂ. ಸರಿಯಾಯ್ತು."

ಮರುದಿನ ನಾನು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮುಚ್ಚಿಡುವುದೇಕೆ, ಕೊಡಬೇಕಾದದ್ದನ್ನು ಕೊಟ್ಟೆ ಎಂಬ ನೆಮ್ಮದಿ ಬಂದಿತ್ತು. ಮೂರನೆಯ ದಿನ ಬೆಳಿಗ್ಗೆ ಅವನ ಮಗಳು ಫೋನು ಮಾಡಿದಳು.

"ಚಿಕ್ಕಪ್ಪ, ವಾಚು ನಿಂತೋಗಿದೆ. ನಿನ್ನೇನೇ ನಿಂತಿತ್ತಂತೆ. ಅವನಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾನೆ ಅಂದ್ರು. ನಾನು ಸುಮ್ನಿರಕ್ಕಾಗ್ದೆ ಹೇಳ್ತಿದೀನಿ."

ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವನಿಗೆ ಅದು ಹೊಳೆಯಬೇಕಿತ್ತು. ಕೈ ಆಡದವನಿಗೆ ಕೈ ಆಡಿದರೆ ಮಾತ್ರ ನಡೆಯುವ ವಾಚು ಕಟ್ಟಿಬಂದಿದ್ದೆ.

ಅವತ್ತು ನಾಲ್ಕಕ್ಕೆ ಹೋಗಿ ಹೇಳಿದೆ. "ಕೆಟ್ಟಿಲ್ಲ ಅಣ್ಣ. ಇದಕ್ಕೆ ಕೈ ಆಡ್ತಿರ್ಬೇಕು. ಆಡಿದ್ರೆ ನಡೆಯುತ್ತೆ."

"ನಂದು ಆಡಲ್ವಲ್ಲೋ."

"ನಾನ್ ಆಡಿಸ್ತೀನಿ."

ವಾಚಿನ ಪಕ್ಕದಲ್ಲಿರುವ ಕೀಲಿಯ ಗುಂಡಿಯನ್ನು ಬೆರಳಲ್ಲಿ ಮೂವತ್ತು ನಲವತ್ತು ಸಲ ತಿರುಗಿಸಿದರೆ ಸಾಕಿತ್ತು, ಎರಡು ನಿಮಿಷದ ಕೆಲಸ. ನಾನು ಅದನ್ನು ಹೇಳಲಿಲ್ಲ. ಅವನ ಕೈಯನ್ನು ಮೊಣಕೈ ಹತ್ತಿರ ಹಿಡಿದೆತ್ತಿ ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ತೂಗಿದೆ. ಒಳಗಿನ ತೂಕ ಸರ್ ಎಂದು ತಿರುಗುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಸೆಕೆಂಡಿನ ಮುಳ್ಳು ಹೊರಟಿತು. ಅಣ್ಣ ಅದನ್ನು ನೋಡಿ ಬಾಯಿ ಓರೆ ಮಾಡಿ ನಕ್ಕ.

ಆಮೇಲೆ ಪ್ರತಿದಿನ ಹೋದೆ. ಮೂರೂಮುಕ್ಕಾಲಕ್ಕೆ ಲೆನ್ಸು ತೆಗೆದಿಟ್ಟು ಏಳುತ್ತಿದ್ದೆ. ಅಂಗಡಿಯ ಯಜಮಾನರು ಒಂದು ಮಾತೂ ಆಡಲಿಲ್ಲ. ಅರ್ಧ ಗಂಟೆ ತೂಗುವುದು, ವಿಶ್ರಾಂತಿ, ಮತ್ತೆ ಅರ್ಧ ಗಂಟೆ. ನರ್ಸಮ್ಮ ಮೊದಲು ನನ್ನನ್ನು ವ್ಯಾಯಾಮ ಮಾಡಿಸಲು ಬಂದವನು ಎಂದುಕೊಂಡಿದ್ದಳು. "ಬಲಗೈಗೂ ಮಾಡ್ಸಿ" ಎಂದಳು.

"ಬಲಗೈಗೆ ಇನ್ನೊಂದು ವಾಚು ತರ್ಬೇಕಾಗುತ್ತೆ ಸಿಸ್ಟರ್" ಎಂದ ಅಣ್ಣ. "ಇವನು ಒಂದು ತರಕ್ಕೇ ಮುದುಕನಾದ."

ಆ ದಿನಗಳಲ್ಲಿ ನಾವು ಏನೇನೋ ಮಾತಾಡಿದೆವು. ಅವನಿಗೆ ಉಸಿರು ಸಾಲದು, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಕಾಯಬೇಕು. ಬೇಕರಿಯ ಹಳೆಯ ಒಲೆ ಒಡೆದ ಕಥೆ. ಅತ್ತಿಗೆ ಇದ್ದಾಗ ಅವನು ಉಪ್ಪಿನ ಬದಲು ಸಕ್ಕರೆ ಸುರಿದು ಇನ್ನೂರು ಬ್ರೆಡ್ಡು ಹಾಳು ಮಾಡಿದ್ದು, ಅದನ್ನೇ ಹೊಸ ಬಗೆ ಎಂದು ಮಾರಿದ್ದು. ಹಿಟ್ಟು ಕತ್ತರಿಸುವಾಗ ತಕ್ಕಡಿ ಮುಟ್ಟದೆ ಉಂಡೆ ಹಾಕುತ್ತಿದ್ದುದು. "ನೂರು ಉಂಡೆ ಹಾಕಿದ್ರೆ ನೂರೂ ಒಂದೇ ತೂಕ. ಮಾಲೀಕ ಮೊದಮೊದಲು ತಕ್ಕಡಿಗೆ ಹಾಕಿ ನೋಡ್ತಿದ್ದ. ಆಮೇಲೆ ತಕ್ಕಡಿ ಸರಿ ಇದ್ಯಾ ಅಂತ ನನ್ನ ಕೈಲಿ ನೋಡಿಸ್ತಿದ್ದ" ಎಂದು ಹೇಳಿ ಕೆಮ್ಮಿದ. ನಾನು ಬೆನ್ನು ಸವರಿದೆ. ಅವನು ಹೇಳಿದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಬಿಟ್ಟಿ ವಾಚಿನ ಮಾತನ್ನು ಅವನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತದೆಯೇ ಮುಗಿದುಹೋಯಿತು ಎಂದು ನನ್ನ ಲೆಕ್ಕಾಚಾರ.

ನಡುವಿನವನನ್ನು ಕಟ್ಟಿ ಹನ್ನೊಂದನೆಯ ದಿನ. ನಾನು ಕೈ ತೂಗುತ್ತಿದ್ದೆ. ಅವನು ಕಿಟಕಿಯ ಕಡೆ ನೋಡುತ್ತಿದ್ದವನು ಹಾಗೆಯೇ ಕೇಳಿದ.

"ಮೊದಲ್ನೇ ದಿನ ಕಟ್ಟಿದ್ದು ಇದಲ್ಲ, ಅಲ್ವಾ?"

ನನ್ನ ಕೈ ನಿಂತಿತು.

"ಅದು ತೂಕ ಇತ್ತು. ಇದು ಹಗುರ."

ಮುಳ್ಳು ನೋಡಿದ್ದೆ, ಬಣ್ಣ ನೋಡಿದ್ದೆ, ತಾರೀಕಿನ ಕಿಂಡಿ ನೋಡಿದ್ದೆ. ಕಣ್ಣಿನವನು ನಾನು, ಕಣ್ಣಿಗೆ ಬೇಕಾದ್ದನ್ನೆಲ್ಲ ಹೊಂದಿಸಿದ್ದೆ. ಮೂವತ್ತೆಂಟು ವರ್ಷ ಹಿಟ್ಟು ತೂಗಿದ ಕೈಗೆ ಕಟ್ಟುತ್ತಿದ್ದೇನೆ ಎಂಬುದು ನೆನಪಾಗಲಿಲ್ಲ.

"ಅಣ್ಣ" ಎಂದೆ.

"ಯಾವುದು ಯಾವ್ದೋ, ನಂಗೇನೂ ಗೊತ್ತಾಗಲ್ಲ. ಆದ್ರೆ ಬೇರೆ ಅಂತ ಗೊತ್ತಾಯ್ತು. ಕಟ್ಟಿದ ತಕ್ಷಣಾನೇ."

"ಆವತ್ತೇ ಯಾಕೆ ಕೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ." ಉಸಿರು ಎಳೆದುಕೊಂಡ. "ದಿನಾ ಬರ್ತಿದ್ದೆ. ದಿನಾ ಕಾದೆ."

ಆಗ ಹೇಳಿದೆ, ಎಲ್ಲವನ್ನೂ. ಅದು ಗಿರಾಕಿಯದು, ಪರೀಕ್ಷೆಗೆ ಕಟ್ಟಿಕೊಂಡದ್ದು, ಕೈಮೇಲಿದ್ದದ್ದೇ ಮರೆತು ಬಂದದ್ದು, ಅವನು ತಂದ್ಯಾ ಎಂದಾಗ ಬಾಯಿಂದ ಹ್ಞೂಂ ಬಂದುಬಿಟ್ಟದ್ದು. ಇದು ನನ್ನ ಹಣದಲ್ಲಿ ಕೊಂಡದ್ದು ಎಂದೂ ಹೇಳಿದೆ. ಈ ಮಾತು ಹೇಳುವಾಗಲೇ ಸಣ್ಣದಾಗಿ ಕೇಳಿತು.

ಅವನು ಎಲ್ಲ ಕೇಳಿಸಿಕೊಂಡ. ಪಕ್ಕದ ಮಂಚದವನಿಗೆ ಯಾರೋ ಹಣ್ಣು ಸುಲಿದು ಕೊಡುತ್ತಿದ್ದರು.

"ಹಾಗಾದ್ರೆ ಆವತ್ತು ನೀನು ಬರಿಗೈಲಿ ಬಂದಿದ್ದೆ."

"ಹೌದಣ್ಣ."

"ವಾಚಿನ ನೆನಪೇ ಇರ್ಲಿಲ್ಲ ನಿಂಗೆ."

"ಇರ್ಲಿಲ್ಲ."

"ಬರಿಗೈಲಿ ಬಂದ್ರೆ ಏನಾಗ್ತಿತ್ತು?" ಎಂದ. ಕೋಪದಲ್ಲಿ ಅಲ್ಲ. ನಿಜವಾಗಿಯೂ ತಿಳಿಯದವನಂತೆ ಕೇಳಿದ. "ನಾನು ಕೆಲ್ಸ ಬಿಟ್ಟ ದಿನಾನೂ ಅಷ್ಟೆ. ಇಲ್ಲ ಕಣಣ್ಣ, ತರಕ್ಕಾಗ್ಲಿಲ್ಲ ಅಂದಿದ್ರೆ ನಾನೇನು ಹೊಡೀತಿದ್ನಾ?"

ನಾನು ಅವನ ಕೈಯನ್ನು ಹೊದಿಕೆಯ ಮೇಲೆ ಇಳಿಸಿದೆ.

ಅವನು "ಬಿಚ್ಚು" ಎಂದ.

"ಅಣ್ಣ, ಇದು ನಿಂದೇ. ನಿನಗಂತಾನೇ ತಗೊಂಡಿದ್ದು."

"ಬಿಚ್ಚೋ."

ಬಿಚ್ಚಿದೆ. ಅವನ ಮಗಳು ಬಂದು ಮಂಚದ ಪಕ್ಕದ ಸಣ್ಣ ಬೀರುವಿನಲ್ಲಿ ಇಟ್ಟಳು. ಏನಾಯಿತೆಂದು ಅವಳು ಕೇಳಲಿಲ್ಲ, ನಮ್ಮ ಮುಖದಲ್ಲೇ ಕಂಡಿರಬೇಕು. ಆರು ಗಂಟೆಯವರೆಗೆ ಕೂತೆ. ಅವನು ತನ್ನನ್ನು ಗೋಡೆಯ ಕಡೆ ತಿರುಗಿಸು ಎಂದ. ತಿರುಗಿಸಿದೆ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. "ನಾಳೆ ಹೋಗಲ್ಲ. ಹೋದ್ರೆ ಅವನಿಗೆ ಸಂಕಟ."

"ಯಾರ ಸಂಕಟ ಅಂತ ಸರಿಯಾಗಿ ನೋಡ್ಕೊಳ್ಳಿ" ಎಂದಳು ಅವಳು, ಬಟ್ಟೆ ಮಡಿಸುತ್ತಲೇ.

ಹೋದೆ. ಮಾಡಲು ಕೈಗೆ ಕೆಲಸವಿರಲಿಲ್ಲ. ಸ್ಟೂಲಿನ ಮೇಲೆ ಕೂತು ನನ್ನ ಬೆರಳನ್ನೇ ಹಿಸುಕಿಕೊಳ್ಳುತ್ತಿದ್ದೆ. ಅಣ್ಣ ನಿದ್ದೆಯೋ ಮಂಪರೋ ತಿಳಿಯದ ಹಾಗಿದ್ದ. ಐದರ ಸುಮಾರಿಗೆ ಕಣ್ಣು ಬಿಟ್ಟ.

"ಯಾರ್ದದು?"

"ಯಾವ್ದು ಅಣ್ಣ?"

"ಆ ತೂಕದ್ದು."

"ದೊಡ್ಡ ಕುಳ. ಸಿಮೆಂಟಿನ ವ್ಯಾಪಾರ. ಅಂಥವು ಅವರ ಮನೇಲಿ ಏಳೆಂಟಿವೆ. ಇದನ್ನ ವರ್ಷಕ್ಕೆರಡು ಸಲ ಕಟ್ಟಿದ್ರೆ ಹೆಚ್ಚು."

"ಅವನಿಗೆ ಗೊತ್ತಾ, ಒಂದ್ರಾತ್ರಿ ನನ್ಹತ್ರ ಇತ್ತು ಅಂತ?"

"ಇಲ್ಲ."

ಅಣ್ಣ ಯೋಚಿಸಿದ. ಗಂಟಲಲ್ಲಿ ಏನೋ ಸದ್ದಾಯಿತು, ಕೆಮ್ಮೋ ನಗುವೋ.

"ಹೇಳ್ಬೇಡ" ಎಂದ. "ಪಾಪ, ಮತ್ತೆ ತೊಳಿಯಕ್ಕೆ ಹಾಕ್ತಾನೆ."

ನಾನು ನಕ್ಕೆ. ನಗುತ್ತಲೇ ಅವನ ಮುಖ ನೋಡಿದೆ, ಇನ್ನೇನಾದರೂ ಹೇಳುತ್ತಾನೋ ಎಂದು. ಹೇಳಲಿಲ್ಲ, ಕಣ್ಣು ಮುಚ್ಚಿದ. ಆಯಿತು ಬಿಡು ಎಂದೋ, ಹೋಗಲಿ ಎಂದೋ, ಅಂಥದ್ದು ಒಂದು ಮಾತು ಬಂದಿದ್ದರೆ ನಾನು ಅದನ್ನೇ ಹಿಡಿದು ಬದುಕಿಕೊಳ್ಳುತ್ತಿದ್ದೆ. ಮರುದಿನ ಅವನು ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಅದರ ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಮುಗಿಯಿತು. ನಾನು ಹೋಗುವಷ್ಟರಲ್ಲಿ ಮೂಗಿನ ನಳಿಕೆ ತೆಗೆದಿದ್ದರು.

ಅವನನ್ನು ಒಯ್ಯುವ ಮೊದಲು ಅವನ ಮಗಳೂ ನಾನೂ ಸೇರಿ ಒಗೆದ ಅಂಗಿ ತೊಡಿಸಿದೆವು. ತೋಳಿನ ಗುಂಡಿ ಹಾಕುವಾಗ ಅವಳು ತಡೆದಳು. ಬೀರುವಿನಿಂದ ವಾಚು ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ಬಂದಳು. ಅದು ಯಾವಾಗಲೋ ನಿಂತಿತ್ತು.

"ಕಟ್ಟಿ ಕಳ್ಸೋಣ್ವಾ ಚಿಕ್ಕಪ್ಪ? ನೀವು ಕೊಟ್ಟಿದ್ದು. ಅಪ್ಪನಿಗೆ ಆಸೆ ಇತ್ತು."

ಕಟ್ಟೋಣ ಎಂದರೆ ಯಾರೂ ತಡೆಯುವವರಿರಲಿಲ್ಲ. ನೋಡಿದವರು ತಮ್ಮ ಎಷ್ಟು ಒಳ್ಳೆಯ ವಾಚು ಕಟ್ಟಿದ್ದಾನೆ ಎನ್ನುತ್ತಿದ್ದರು. ಬೇಕರಿಯವರು ಹೊರಗೆ ಬಂದು ನಿಂತಿದ್ದರು, ವ್ಯಾನಿನ ಡ್ರೈವರೂ ಇದ್ದ. ನನ್ನ ಬೆರಳು ಆಗಲೇ ಬೆಲ್ಟಿನ ಮೇಲೆ ಇತ್ತು.

"ಬೇಡಮ್ಮ" ಎಂದೆ. "ಬಿಚ್ಚು ಅಂದಿದ್ದ."

ಅಂಗಿಯ ತೋಳನ್ನು ಎಳೆದು ಗುಂಡಿ ಹಾಕಿದೆ.